ಮೊದಲ ಕಂತಿನ ದನಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು, ತಡವಾದದ್ದಕ್ಕೆ ಮುನಿಸಿಕೊಳ್ಳಬೇಡ. ಮಂಡಿನೋವು ಎಂದು ನೆಪ ಹೇಳಬಹುದಿತ್ತು, ಆದರೆ ಕಾಗದ ಬರೆಯುವುದು ಮಂಡಿಯಿಂದಲ್ಲವಲ್ಲ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ, ಅಷ್ಟೇ.

ರೇಡಿಯೊದ ನಮ್ಮ ‘ಯಾಕೆ ಹಾಗೆ’ ಕಾರ್ಯಕ್ರಮಕ್ಕೆ ಮುಂದಿನ ತಿಂಗಳು ಇಪ್ಪತ್ತೈದು ವರ್ಷ ತುಂಬುತ್ತದೆ. ನಿನ್ನನ್ನು ವೇದಿಕೆಗೆ ಕರೆದಿದ್ದಾರೆ, ನಿನ್ನ ಮಾತಾದ ಮೇಲೆ ಮೊದಲ ಕಂತು ಕೇಳಿಸುತ್ತಾರಂತೆ. ಅದೊಂದು ಬೇಡ ಎಂದು ನಾನು ಎರಡು ಸಲ ಹೇಳಿ ನೋಡಿದೆ. ಈಗ ಆ ಟೇಪೇ ಕಾಣೆಯಾಗಿದೆ. ಡಬ್ಬಿ ಇದೆ, ಒಳಗೆ ಸುರುಳಿ ಇಲ್ಲ. ಪೀಡೆ ಕಳೆಯಿತು ಎಂದುಕೊಳ್ಳಬೇಕಾದವನಿಗೆ ಊಟ ಸೇರುತ್ತಿಲ್ಲ. ಯಾರೋ ಅದನ್ನು ಯಂತ್ರಕ್ಕೆ ಹಾಕಿ ಕೇಳುತ್ತಿದ್ದಾರೆ ಎಂಬ ಅನುಮಾನ.

ಮೊದಲು ಅನುಮಾನ ಬಂದದ್ದು ಈಗ ಕಾರ್ಯಕ್ರಮ ನಡೆಸುವ ಹುಡುಗಿಯ ಮೇಲೆ. ಹೋದ ವಾರ ಸ್ಟುಡಿಯೊ ಬಾಗಿಲಲ್ಲಿ ನಿಲ್ಲಿಸಿಕೊಂಡು, “ಸರ್, ಮೊದಲ್ನೇ ಕಂತಲ್ಲಿ ಪ್ರಶ್ನೆ ಕೇಳೋ ಮಗು ನಿಮ್ಮ ಮಗಳೇ ಅಲ್ವಾ?” ಅಂದಳು. “ಹೌದಮ್ಮ, ಯಾಕೆ?” ಅಂದೆ. “ಏನಿಲ್ಲ ಸರ್, ಸುಮ್ನೆ ಕೇಳ್ದೆ” ಅಂದಳು. ಸುಮ್ಮನೆ ಯಾರೂ ಏನನ್ನೂ ಕೇಳುವುದಿಲ್ಲ, ಗುಬ್ಬಿ. ಇಷ್ಟು ವರ್ಷ ಜನರ ಪ್ರಶ್ನೆಗಳನ್ನೇ ಓದಿಕೊಂಡು ಬಂದವನು ನಾನು.

ಎಲ್ಲಿಂದ ಶುರುವಾದದ್ದು ಎಲ್ಲಿಗೆ ಬಂತು ನೋಡು. ನಿನಗೆ ಏಳು ವರ್ಷ. ತಣ್ಣೀರಿನ ಲೋಟದ ಹೊರಗೆ ನೀರು ಎಲ್ಲಿಂದ ಬಂತು ಎಂದು ಕೇಳಿದ್ದೆ. ಲೋಟ ತೂತಾಗಿದೆ ಎಂದು ಅಮ್ಮನ ಹತ್ತಿರ ಜಗಳಕ್ಕೂ ನಿಂತಿದ್ದೆ. ಆಗ ಹವಾಮಾನ ವರದಿಗೂ ಚಿತ್ರಗೀತೆಗೂ ನಡುವೆ ನನಗೆ ಐದು ನಿಮಿಷ ಕೊಟ್ಟಿದ್ದರು. ಅಲ್ಲಿಗೆ ನಿನ್ನ ಪ್ರಶ್ನೆ ಹಾಕಿದೆವು. ರೇಡಿಯೊ ಮುಂದೆ ಕೂತು ಕೇಳಿದ ನೀನು ಮುಖ ಊದಿಸಿಕೊಂಡು, “ಅಪ್ಪಾ, ಇದು ನನ್ನ ದನಿ ಅಲ್ಲ” ಅಂದೆ. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುತ್ತದೆ, ಹೊರಗಿನಿಂದ ಕೇಳಿದಾಗ ಬೇರೆಯಾಗಿ ಕೇಳುತ್ತದೆ ಎಂದು ಹೇಳಿದೆ. ಅದೇ ಎರಡನೇ ಕಂತಾಯಿತು. ಕಾಗದಗಳು ಚೀಲಗಟ್ಟಲೆ ಬಂದವು. ಐದು ನಿಮಿಷ ಹದಿನೈದಾಯಿತು, ಅರ್ಧ ಗಂಟೆಯಾಯಿತು. ಆಮೇಲೆ ಫೋನಿನಲ್ಲಿ ಪ್ರಶ್ನೆಗಳು ಬಂದವು, ಈಗ ಜನ ಮೊಬೈಲಿನಲ್ಲಿ ಬೇಕಾದಾಗ ಕೇಳುತ್ತಾರೆ. ಪ್ರತಿ ವರ್ಷ ಫಿಸಿಕ್ಸ್ ತರಗತಿಯ ಮೊದಲ ದಿನ ಆ ಮೂಳೆಯ ಕತೆಯನ್ನೇ ಹೇಳುತ್ತೇನೆ ಎಂದು ನೀನು ಬರೆದಿದ್ದೆಯಲ್ಲ, ಅದನ್ನು ಓದಿ ನಾನು ಕಾಗದ ಮಡಿಚಿಟ್ಟೆ.

ನಿನ್ನೆ ಟೇಪು ಕೋಣೆಯ ಮೇಡಮ್ಮನ್ನು ಹಿಡಿದು ಕೇಳಿದೆ. ಆಕೆ ಕನ್ನಡಕ ಏರಿಸಿಕೊಂಡು, “ಇದೇನ್ ಸರ್ ಹೀಗ್ ಕೇಳ್ತೀರಾ? ಮಂಗಳವಾರ ನಿಮ್ಮ ಮಗಳೇ ಬಂದು ಸಹಿ ಹಾಕಿ ತಗೊಂಡು ಹೋದ್ರು. ಮನೇಲಿ ಹೇಳ್ಲಿಲ್ವಾ?” ಅಂದರು. “ಮರೆತಿದ್ದೆ” ಎಂದು ಹಲ್ಲು ಕಿರಿದು ಬಂದೆ. ಊರಿಗೆ ಬಂದವಳು ಮನೆಗೆ ಬರಲಿಲ್ಲ. ಕೆಲಸದ ಅವಸರವೇ? ಆ ಹುಡುಗಿ ನಿನಗೆ ಫೋನು ಮಾಡಿದ್ದಳೇ? ನಿನ್ನ ಕಾಲೇಜಿನ ಲ್ಯಾಬಿನಲ್ಲಿ ಹಳೆಯ ಟೇಪ್ ಯಂತ್ರವೊಂದು ಇದೆ ಎಂಬುದು ನನಗೆ ನೆನಪಿದೆ.

ಆ ಟೇಪು ಬಹಳ ಹಳೆಯದು. ಯಂತ್ರಕ್ಕೆ ಹಾಕಿದರೆ ತುಂಡಾದೀತು. ಕೇಳುವ ಗೋಜಿಗೆ ಹೋಗದೆ ಅಂಚೆಯಲ್ಲಿ ಕಳಿಸಿಬಿಡು. ಬಿಸಿಲಿನಲ್ಲಿ ಅಲೆಯಬೇಡ. ಇಬ್ಬರೂ ಕೈಹಿಡಿದುಕೊಂಡು ಸುಖವಾಗಿರಿ ಎಂದು ಹರಸುವ,

ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಟೇಪು ತುಂಡಾಗುವುದಿಲ್ಲ, ಅದು ಸುಳ್ಳು. ಆ ದಿನ ಮೈಕಿನ ಮುಂದೆ ನೀನು ‘ಲೋಟ’ ಎನ್ನಲು ತಡವರಿಸಿದೆ. ಆರು ಸಲ ಹೇಳಿಸಿದೆ, ಆರು ಸಲವೂ ಲಕಾರದಲ್ಲೇ ನಿಂತೆ. ನಿನ್ನನ್ನು ಮನೆಗೆ ಕಳಿಸಿ ಟೈಪಿಸ್ಟರ ಮಗಳಿಂದ ಅದೇ ಪ್ರಶ್ನೆ ಕೇಳಿಸಿದೆ. ಯಾರೂ ನನಗೆ ಹಾಗೆ ಮಾಡು ಎಂದಿರಲಿಲ್ಲ. ನನಗೇ ನಾಚಿಕೆಯಾಗಿತ್ತು, ಗುಬ್ಬಿ. ನಿನ್ನ ಅಮ್ಮ ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಮೂಳೆಯ ಮಾತು ನಿಜ, ಆದರೆ ನಿನಗೆ ಹೇಳಿದ್ದು ಸುಳ್ಳು. ನಿನ್ನ ಕಿವಿ ಅಂದೇ ಸರಿಯಾಗಿ ಹೇಳಿತ್ತು.

ಬೇಡದ ದನಿಯನ್ನು ಅಳಿಸಿ ಟೇಪನ್ನು ಮತ್ತೆ ಬಳಸುವುದು ನಮ್ಮಲ್ಲಿ ರೂಢಿ. ನಿನ್ನ ದನಿಯನ್ನು ನನಗೆ ಅಳಿಸಲಾಗಲಿಲ್ಲ, ಆ ತುಂಡನ್ನು ಕತ್ತರಿಸಿ ಸುರುಳಿಯ ತುದಿಗೆ ಅಂಟಿಸಿದೆ. ಕಂತು ಮುಗಿದು, ಇಲ್ಲಿಗೆ ಮುಗಿಯಿತು ಎಂದು ಸೂಚಿಸುವ ಬಿಳಿ ಪಟ್ಟಿ ಬಂದಾಗ ಯಂತ್ರ ನಿಲ್ಲಿಸಬೇಡ. ಅಲ್ಲಿಂದಾಚೆ ನೀನಿದ್ದೀಯ.