ಲೆಕ್ಕಕ್ಕೆ ಬಾರದ ಚಪ್ಪರ

ಮೊಂತೆರೊಕ್ಕೊ
೩ ಡಿಸೆಂಬರ್ ೧೯೬೬, ಶನಿವಾರ

ಪ್ರೀತಿಯ ದೊಡ್ಡಪ್ಪನಿಗೆ,

ನೀವು ಮಾಡಿದ್ದು ಅನ್ಯಾಯ. ಮೊದಲು ಕುಶಲ ಕೇಳಿ ಆಮೇಲೆ ಹೇಳೋಣವೆಂದರೆ ಪೆನ್ನು ಮುಂದಕ್ಕೆ ಹೋಗಲಿಲ್ಲ, ಅದಕ್ಕೇ ಬರೆದುಬಿಟ್ಟೆ. ಸೋಮವಾರ ಸಹಕಾರ ಸಂಘದ ಬಾಗಿಲಿಗೆ ಅಂಟಿಸಿದ ಕರಡು ನಿಯಮದ ಕೆಳಗೆ ಮೊದಲ ಸಹಿ ನಿಮ್ಮದೇ: ಎಜಿಸ್ತೊ ಕಪ್ಪೆಲ್ಲಿ, ಸಮಿತಿಯ ಅಧ್ಯಕ್ಷ. ಇನ್ನು ಮೇಲೆ ನಮ್ಮೂರಿನ ಹೆಸರು ಹೊತ್ತ ಕೆಂಪು ವೈನ್‌ನಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಬಿಳಿ ದ್ರಾಕ್ಷಿ ಇರಲೇಬೇಕಂತೆ. ಇರದಿದ್ದರೆ ಅದು ಬರೀ ಊಟದ ವೈನ್. ಊರಿಲ್ಲ, ಬೆಟ್ಟವಿಲ್ಲ, ಹೆಸರಿಲ್ಲ.

ಇದರ ಅರ್ಥ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ತಮ್ಮ, ನನ್ನ ಅಪ್ಪ, ಸಾಸ್ಸೊ ಇಳಿಜಾರಿನಲ್ಲಿ ಬೆಳೆಸಿದ ತೋಟದಲ್ಲಿ ಒಂದೂ ಬಿಳಿ ಬಳ್ಳಿ ಇಲ್ಲ. ಎಲ್ಲವೂ ಕಪ್ಪು ಸಾಂಜಿಯೊವೆಸೆ. ಬುಧವಾರ, ಹದಿನಾಲ್ಕನೇ ತಾರೀಖು, ಸಮಿತಿ ಈ ಕರಡನ್ನು ಒಪ್ಪಿ ರೋಮಿಗೆ ಕಳಿಸಿದರೆ ನಮ್ಮ ವೈನ್ ಕೊಳ್ಳಲು ಬರುವವನು ಟ್ಯಾಂಕರ್ ವ್ಯಾಪಾರಿ ಒಬ್ಬನೇ. ಅವನು ಅದನ್ನು ಯಾವ ಯಾವ ಊರಿನದರ ಜೊತೆ ಬೆರೆಸುತ್ತಾನೋ ದೇವರಿಗೇ ಗೊತ್ತು. ಅಪ್ಪ ಸತ್ತು ಎರಡು ವರ್ಷ. ಅವನ ಬಾಟಲಿಯ ಮೇಲಿನ ಊರಿನ ಹೆಸರನ್ನು ಅವನ ಅಣ್ಣನೇ ಒರೆಸಬೇಕೇ?

ನಾನು ಕೋಪದಲ್ಲಿ ಓದುವವಳು ಎಂದು ನೀವು ನಗುತ್ತೀರಿ. ಕಳೆದ ಭಾನುವಾರ, ಕರಡಿನ ಸುದ್ದಿ ಆಗಲೇ ಹಬ್ಬಿದ್ದಾಗ, ಇಗರ್ಜಿಯ ಎದುರಿನ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ನಕ್ಕಿರಿ. "ಬಂದ್ಲಪ್ಪಾ ನಮ್ಮ ಮಂತ್ರಿಣಿ! ರೈತಸಂಘದೋರು ಹಂಚೋ ನಾಲ್ಕು ಪುಸ್ತಕ ಓದ್ಬಿಟ್ಟು ರೋಮ್‌ನೇ ನಡೆಸ್ತಾಳಂತೆ, ಅವರಮ್ಮನ ಕೋಳಿಗೂಡಿನ ಬಾಗ್ಲು ಹಾಕೋಕೆ ಮಾತ್ರ ಮರೀತಾಳೆ" ಎಂದಿರಿ. ಕೋಳಿಗೂಡಿನ ವಿಷಯ ನಿಜ, ಒಪ್ಪಿದೆ. ಆದರೆ ಆ ಪುಸ್ತಕಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಈ ನಿಯಮದಿಂದ ಯಾರಿಗೆ ಲಾಭ? ಆ ಪ್ರಶ್ನೆಯನ್ನು ನಮ್ಮೂರಿಗೆ ಕೇಳಿ ನೋಡಿ. ಬಯಲಿನ ಎಸ್ಟೇಟಿನಲ್ಲಿ ನೀರು ಕುಡಿದು ಕೊಬ್ಬಿದ ತ್ರೆಬ್ಬಿಯಾನೊ ಬಿಳಿ ದ್ರಾಕ್ಷಿ ಗಾಡಿಗಟ್ಟಲೆ ಬಿದ್ದಿದೆ. ಅದನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಕಾನೂನೇ ಕೇಳುತ್ತದೆ.

ಅಪ್ಪ ಬಿಳಿ ಬಳ್ಳಿಗಳನ್ನು ಯಾಕೆ ಕಡಿದ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯುದ್ಧದಿಂದ ಮರಳಿ, ಅಜ್ಜನ ಕಾಲದಿಂದ ಕೋರಿಗೆ ಮಾಡುತ್ತಿದ್ದ ಆ ಇಳಿಜಾರನ್ನು ಕೊಂಡ ವರ್ಷವೇ ಕೊಡಲಿ ಹಿಡಿದ. ಧಣಿಗೆ ಅರ್ಧ ಪಾಲು ಅಳೆದುಕೊಡುವ ಕಾಲದಲ್ಲಿ ಧಣಿಗೆ ಬೇಕಿದ್ದದ್ದು ರುಚಿಯಲ್ಲ, ಪೀಪಾಯಿ ತುಂಬುವುದು. ಬಿಳಿ ಬಳ್ಳಿ ಬಂದದ್ದು ಅದಕ್ಕೆ ಎಂದು ಅಪ್ಪ ಹೇಳುತ್ತಿದ್ದ. ಉಳಿದ ಬೊಡ್ಡೆಗಳಿಗೆ ತಾನೇ ಕುಳಿತು ಕಪ್ಪು ಕಸಿ ಕಟ್ಟಿದ. "ಇನ್ಮೇಲೆ ಈ ಪೀಪಾಯಲ್ಲಿ ಧಣಿ ಇಲ್ಲ ಮಗಳೇ, ನಾವಷ್ಟೇ ಇರೋದು" ಎನ್ನುತ್ತಿದ್ದ. ನಾನು ಬೆಳೆದದ್ದು ಆ ಮಾತಿನ ಮೇಲೆ. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಹಾಗಾಗಿ ಈ ವಾರದ ಬುಧವಾರ ನಾನೂ ಒಂದು ಹೇಳಿಕೆ ಬರೆದು ನಿಮ್ಮ ಕರಡಿನ ಪಕ್ಕದಲ್ಲೇ ಅಂಟಿಸಿದೆ. ನೀವು ಓದಿರುತ್ತೀರಿ, ಇಡೀ ಊರು ಓದಿದೆ. ನನ್ನ ಅಪ್ಪ ದುಯಿಲಿಯೊ ಕಪ್ಪೆಲ್ಲಿಯ ಪೀಪಾಯಿಗೆ ಇಪ್ಪತ್ತು ವರ್ಷದಿಂದ ಒಂದು ಬಿಳಿ ಹಣ್ಣೂ ಬಿದ್ದಿಲ್ಲ, ಆದರೂ ಈ ಬೆಟ್ಟದಲ್ಲಿ ಅದಕ್ಕಿಂತ ಮೃದುವಾದ ವೈನ್ ಇಲ್ಲ, ಬೇಕಾದರೆ ಬಂದು ಕುಡಿದು ನೋಡಿ ಎಂದು ಬರೆದಿದ್ದೆ. ಕಾಫಿ ಅಂಗಡಿಯಲ್ಲಿ ನೀವು ಹೇಳಿದ್ದಕ್ಕೆ ಅದು ನನ್ನ ಉತ್ತರವಾಗಿತ್ತು. "ಬರೀ ಕಪ್ಪು ಹಾಕಿದ್ರೆ ಗಂಟಲಲ್ಲಿ ಗರಗಸ ಎಳ್ದಂಗಿರುತ್ತೆ ಕಣೇ. ನಿಮ್ಮಪ್ಪನ ವೈನ್ ಒಂದೇ ಯಾಕೆ ಹಾಗಿರ್ಲಿಲ್ಲವೋ, ನಂಗಂತೂ ತಿಳೀದು" ಎಂದು ಹೇಳಿ ನೀವು ಕಾಫಿ ಲೋಟದೊಳಗೆ ನೋಡಿಕೊಂಡಿರಿ. ನಾನು ಗೆದ್ದೆ ಅಂದುಕೊಂಡೆ.

ಮನೆಗೆ ಬಂದು ಹೇಳಿಕೆಯನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಶಹಭಾಸ್ ಅನ್ನುತ್ತಾಳೆಂದು ಕಾದೆ. ಅವಳು "ಅಂಟಿಸಿ ಆಯ್ತಾ?" ಎಂದಳು. ಆಯಿತು ಎಂದೆ. "ಗೋಂದು ಹಾಕಿಯೋ, ಮೊಳೆ ಹೊಡೆದೋ?" ಎಂದಳು. ಮೊಳೆ ಎಂದೆ. ಎದ್ದು ಒಲೆಯ ಕಡೆ ಹೋದಳು. ಅವತ್ತಿನ ಹುರುಳಿಕಾಯಿ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು.

ಇನ್ನು ಮುಂದಿನದನ್ನು ಬರೆಯಲು ಈ ಕಾಗದವನ್ನು ಎರಡು ಸಲ ಮಡಿಸಿಟ್ಟು ಮತ್ತೆ ಬಿಚ್ಚಿದ್ದೇನೆ.

ಗುರುವಾರ ನಾನು ರೈತಸಂಘದ ಸಭೆಗೆ ಪೇಟೆಗೆ ಹೊರಟಿದ್ದೆ. ಹೋದ ತಿಂಗಳ ಮಳೆಗೆ ಕುಸಿದ ರಸ್ತೆ ಇನ್ನೂ ಸರಿಯಾಗಿಲ್ಲವಲ್ಲ, ಬಸ್ಸು ಬರಲೇ ಇಲ್ಲ. ವಾಪಸು ಬಂದೆ. ಅಮ್ಮ ಅಡುಗೆಮನೆಯಲ್ಲಿರಲಿಲ್ಲ. ಅಟ್ಟದಲ್ಲಿ ಸದ್ದಾಯಿತು. ಕೊಯ್ಲಿನ ನಂತರ ಬಿದಿರ ತಟ್ಟಿಯ ಮೇಲೆ ಒಣಗಲು ಹರಡಿದ ದ್ರಾಕ್ಷಿಯನ್ನು ಹಿಂಡಿ ಹೊಸ ವೈನ್‌ಗೆ ಕೂಡಿಸುವ ಕಾಲ ಇದು. ನಮ್ಮಲ್ಲಿ ಎಲ್ಲ ಮನೆಯಲ್ಲೂ ಮಾಡುತ್ತಾರೆ, ಹಾಗೆ ಕೂಡಿಸಿದರೆ ವೈನ್ ಮತ್ತೊಮ್ಮೆ ಮೆಲ್ಲಗೆ ಹುದುಗೆದ್ದು ಮೃದುವಾಗುತ್ತದೆ. ನಮ್ಮ ಮನೆಯಲ್ಲಿ ಕೂಡಿಸುವುದು ಕಪ್ಪನ್ನೇ ಎಂದು ನಾನು ನಂಬಿದ್ದೆ. ನಂಬುವುದೇನು, ಅದನ್ನು ಬರೆದು ಮೊಳೆ ಹೊಡೆದು ಬಂದಿದ್ದೆ.

ಅಮ್ಮ ತಟ್ಟಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ತಾಮ್ರದ ಹಂಡೆಯಲ್ಲಿ ಅರ್ಧದಷ್ಟು ಬಿಳಿ ದ್ರಾಕ್ಷಿ, ಒಣಗಿ ಜೇನಿನ ಬಣ್ಣಕ್ಕೆ ತಿರುಗಿದ್ದು. ಅಂಗಳದ ಚಪ್ಪರದ ಮಾಲ್ವಸಿಯಾ. ಅಜ್ಜಿ ನೆರಳಿಗೆಂದು ಹಬ್ಬಿಸಿದ ಅದೇ ಒಂಟಿ ಬಳ್ಳಿ.

"ಅಮ್ಮ, ಅದು ಸಿಹಿ ವೈನ್ ಮಾಡೋಕಲ್ವಾ?" ಎಂದೆ.

"ಸಿಹಿ ವೈನ್ ಕುಡಿಯೋಕೆ ನಮ್ಮನೇಗೆ ಯಾರ್ ಬರ್ತಾರೆ, ಬಿಷಪ್ಪಾ?" ಎಂದಳು, ತಲೆ ಎತ್ತದೆ. "ನಿಂತ್ಕೋಬೇಡ, ಬೆಳಕಿಗೆ ಅಡ್ಡ ಆಗ್ತೀಯ. ಕೂತು ತೊಟ್ಟು ಬಿಡ್ಸು."

ಕೂತೆ. ಏನು ಮಾಡಲಿ? ಬಿಡಿಸುತ್ತಾ ಬಿಡಿಸುತ್ತಾ ಅವಳು ಹೇಳಿದಳು. ಬಿಳಿ ಬಳ್ಳಿ ಕಡಿದ ಮೊದಲ ವರ್ಷದ ವೈನ್ ಕುಡಿದವರು ಮುಖ ಹಿಂಡಿದರಂತೆ. ಅಪ್ಪ ಆ ಚಳಿಗಾಲವಿಡೀ ಪೀಪಾಯಿಯ ಕಡೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಿದ್ದನಂತೆ. "ಮುಂದಿನ ವರ್ಷ ನವೆಂಬರಲ್ಲಿ ಸಂತ ಮಾರ್ತೀನನ ಸಂತೆಗೆ ಅವರನ್ನ ಕಳಿಸ್ಬಿಟ್ಟು ನಾನೇ ಕೂಡಿಸ್ದೆ. ಆಮೇಲೆ ಪ್ರತಿ ವರ್ಷಾನೂ ಅಷ್ಟೇ. ನೀನೂ ಅವರ ಕೈ ಹಿಡ್ಕೊಂಡು ಸಂತೆಗೆ ಹೋಗ್ತಿದ್ಯಲ್ಲ, ಸುಟ್ಟ ಚೆಸ್ಟ್‌ನಟ್ ತಿನ್ನೋಕೆ. ಅವರು ಹೋದ್ಮೇಲೂ ನೀನು ಸಂತೆ ಬಿಡ್ಲಿಲ್ಲ. ಈ ವರ್ಷ ಮಳೆ ಬಂದು ಎಲ್ಲಾ ತಡ ಆಯ್ತು, ಇಲ್ದಿದ್ರೆ ನಿಂಗೆ ತಿಳೀತಾನೇ ಇರ್ಲಿಲ್ಲ."

"ಹತ್ತರಲ್ಲಿ ಒಂದು ಪಾಲು ಹಾಕ್ತೀಯಾ?" ಎಂದು ಕೇಳಿದೆ. ಆಗಲೂ ನನ್ನ ತಲೆಯಲ್ಲಿ ಇದ್ದದ್ದು ನಿಮ್ಮ ಕರಡು.

"ನಾನೇನ್ ತಕ್ಕಡಿ ಇಟ್ಕೊಂಡಿದ್ದೀನಾ? ನಾಲಿಗೆ ಸಾಕು ಅನ್ನೋವರೆಗೆ."

ಅಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದೆ. ಅಮ್ಮ ಒಂದು ಗೊನೆ ಪೂರ್ತಿ ಬಿಡಿಸಿದಳು. "ಅವರು ಕೇಳ್ಲಿಲ್ಲ" ಎಂದಳು.

ಒಂದು ವರ್ಷ ಮಾತ್ರ ಅವಳಿಂದ ಆಗಲಿಲ್ಲ. ಆಲಿವ್ ಮರಗಳೆಲ್ಲ ಸತ್ತ ಆ ಚಳಿಯ ವರ್ಷ, ಐವತ್ತಾರು. ಚಪ್ಪರದ ಬಳ್ಳಿ ಬುಡದವರೆಗೆ ಒಣಗಿಹೋಗಿತ್ತು. ಆ ವರ್ಷದ ವೈನ್ ಗರಗಸ. ಅಪ್ಪ ಪೀಪಾಯಿಯ ಹಲಗೆಯನ್ನು ಬೈದ. ಮರುವರ್ಷವೂ ಚಪ್ಪರದಲ್ಲಿ ಬರೀ ಎಲೆಯಿತ್ತು, ಆದರೆ ವೈನ್ ಮತ್ತೆ ಮೃದುವಾಗಿತ್ತು. ಅದು ಹೇಗೆ ಎಂದು ಕೇಳಿದರೆ ಅಮ್ಮ "ಎಲ್ಲಿಂದ್ಲೋ ಬಂತು" ಎಂದು ಹಂಡೆ ಎತ್ತಿಕೊಂಡು ಇಳಿದುಹೋದಳು.

ಎರಡು ದಿನದಿಂದ ಯೋಚಿಸುತ್ತಿದ್ದೇನೆ, ದೊಡ್ಡಪ್ಪ. ಸುಲಭದ ದಾರಿ ಎರಡಿವೆ. ಸುಮ್ಮನಿದ್ದುಬಿಡಬಹುದು. ಅಪ್ಪನ ಶುದ್ಧ ಕೆಂಪು ವೈನ್ ಕಾನೂನಿಗೆ ಬಲಿಯಾಯಿತು ಎಂದು ಊರೂರು ಹೇಳಿಕೊಂಡು ತಿರುಗಬಹುದು, ಸಭೆಗಳಲ್ಲಿ ಚಪ್ಪಾಳೆ ಸಿಗುತ್ತದೆ. ಅಥವಾ ನಮ್ಮ ವೈನ್‌ನಲ್ಲೂ ಬಿಳಿ ಇದೆ, ಹೆಸರು ಕೊಡಿ ಎಂದು ನಿಮ್ಮ ಮುಂದೆ ಕೈಯೊಡ್ಡಬಹುದು. ಎರಡನೆಯದಕ್ಕೆ ಮನಸ್ಸು ಮಾಡಿ ಕರಡನ್ನು ಮತ್ತೆ ಓದಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ತೋಟದ ಸಾಲಿನಲ್ಲಿ ನೆಟ್ಟ ಬಳ್ಳಿ ಮಾತ್ರ. ಅಂಗಳದ ಚಪ್ಪರದ ದ್ರಾಕ್ಷಿಯನ್ನು ಪೀಪಾಯಿಗೆ ಹಾಕುವ ಹಾಗೇ ಇಲ್ಲ. ಅಂದರೆ ಬಿಳಿ ಹಾಕದಿದ್ದರೆ ನಾವು ಹೊರಗೆ, ಹಾಕಿದರೂ ಹೊರಗೆ. ಈ ಬೆಟ್ಟದ ಅತಿ ಒಳ್ಳೆಯ ವೈನ್ ಯಾವುದರಿಂದ ಆಗಿದೆಯೋ ಅದೇ ನಿಮ್ಮ ಕಾಗದದ ಕಣ್ಣಿಗೆ ಬೀಳಲಿಲ್ಲ.

ಅಪ್ಪನ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ. ಇದನ್ನು ಬರೆಯಲು ಕಷ್ಟವಾಗುತ್ತದೆ. ಅಪ್ಪ ಬಿಳಿ ಬೇಡವೆಂದು ಒಂದು ನಿಯಮ ಮಾಡಿದ, ನೀವು ಬಿಳಿ ಬೇಕೇ ಬೇಕೆಂದು ಇನ್ನೊಂದು ಮಾಡಿದಿರಿ, ನಾನು ಅಪ್ಪನ ನಿಯಮಕ್ಕೆ ಮೊಳೆ ಹೊಡೆದೆ. ಅಟ್ಟದಲ್ಲಿ ಕುಳಿತವಳ ನಾಲಿಗೆಯನ್ನು ಮೂವರೂ ಕೇಳಲಿಲ್ಲ. ಲಾಭ ಯಾರಿಗೆ ಎಂದು ಕೇಳುವ ನನ್ನ ಪುಸ್ತಕಗಳೂ ಕೆಲಸ ಯಾರದು ಎಂದು ಅಟ್ಟದವರೆಗೆ ಹತ್ತಿ ಕೇಳಿರಲಿಲ್ಲ.

ಆದರೂ ನನ್ನ ಜಗಳ ನಿಂತಿಲ್ಲ. ನಾಳೆ ನನ್ನ ಹೇಳಿಕೆಯನ್ನು ನಾನೇ ಕಿತ್ತು, ಆ ಜಾಗದಲ್ಲಿ ನಿಜ ಬರೆದು ಅಂಟಿಸುತ್ತೇನೆ. ಊರು ನಗಲಿ. ಆಮೇಲೆ ನಿಮ್ಮನ್ನು ಕೇಳುವುದು ಎರಡು ಮಾತು. 'ಇರಲೇಬೇಕು' ಎಂಬುದನ್ನು 'ಇರಬಹುದು' ಎಂದು ಬದಲಿಸಿ. ಬೆಟ್ಟದ ಮನೆಗಳ ಅಂಗಳದ ಬಳ್ಳಿಯನ್ನು ಬಳ್ಳಿಯೆಂದು ಒಪ್ಪಿಕೊಳ್ಳಿ. ಎಸ್ಟೇಟಿನವರು ಬೇಕಾದಷ್ಟು ಬಿಳಿ ಹಾಕಿಕೊಳ್ಳಲಿ, ನಮ್ಮ ತಕರಾರಿಲ್ಲ. ಹಾಕು ಎಂದು ನಮಗೆ ಹೇಳುವುದು ಮಾತ್ರ ಬೇಡ.

ನನ್ನ ಮಾತು ನಂಬಬೇಡಿ, ಬಂದು ಕುಡಿದು ನೋಡಿ. ನೆಲಮಾಳಿಗೆಯಲ್ಲಿ ಅಪ್ಪ ಎತ್ತಿಟ್ಟ ಬಾಟಲಿಗಳಿವೆ. ಐವತ್ತಾರರದ್ದು ಒಂದು, ಐವತ್ತೇಳರದ್ದು ಒಂದು ತೆಗೆಯುತ್ತೇನೆ. ಎರಡೂ ಅದೇ ಇಳಿಜಾರು, ಅದೇ ಕೈ. ನಡುವೆ ಇರುವುದು ಒಂದು ಹಂಡೆ ಬಿಳಿ ದ್ರಾಕ್ಷಿ. ಅಮ್ಮನೂ ಇರುತ್ತಾಳೆ. ಬುಧವಾರದ ಸಮಿತಿಗೆ ಅವಳನ್ನು ಕರೆದುಕೊಂಡು ಬರುತ್ತೇನೆ ಎಂದರೆ "ಆ ಗಂಡಸರ ಮುಂದೆ ನಾನೇನ್ ಮಾತಾಡ್ಲಿ, ಹುಚ್ಚಿ!" ಎನ್ನುತ್ತಾಳೆ. ಆದರೆ ಹಬ್ಬದ ಕಪ್ಪು ಕೋಟನ್ನು ಕಪಾಟಿನಿಂದ ತೆಗೆದು ಗಾಳಿಗೆ ಹಾಕಿದ್ದನ್ನು ಬೆಳಿಗ್ಗೆ ನೋಡಿದೆ.

ದೊಡ್ಡಮ್ಮನ ಮಂಡಿನೋವು ಹೇಗಿದೆ? ಮೊದಲೇ ಕೇಳಬೇಕಿತ್ತು.

ನಿಮ್ಮ ಮೇಲೆ ಕೋಪವಿರುವ, ಆದರೂ ನಿಮ್ಮವಳೇ ಆದ,
ಫೆದೋರಾ

ಮರೆತ ಮಾತು: ಕಳಿಸುವ ಮೊದಲು ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಕೊನೆಯವರೆಗೆ ಕೇಳಿ, ಏಪ್ರನ್‌ಗೆ ಕೈ ಒರೆಸಿಕೊಂಡು ನಕ್ಕಳು. "ಐವತ್ತೇಳರಲ್ಲಿ ಎಲ್ಲಿಂದ ಬಂತು ಅಂತ ನಿನ್ನ ದೊಡ್ಡಪ್ಪನ್ನೇ ಕೇಳು. ಅಂಜೂರದ ಎಲೆ ಮುಚ್ಕೊಂಡು ಬುಟ್ಟಿ ಹೊತ್ಕೊಂಡ್ ಬಂದಿದ್ದು ಯಾರು ಅಂತ. ನನ್ ಹತ್ರ 'ದುಯಿಲಿಯೊಗೆ ಹೇಳ್ಬೇಡ ಆರ್ಜಿಯಾ, ಪಾಪ, ಬೇಜಾರ್ ಮಾಡ್ಕೋತಾನೆ' ಅಂದಿದ್ದು ಯಾರು ಅಂತ" ಎಂದಳು. ಹಾಗಾದರೆ ನಿಮಗೆ ಮೊದಲಿನಿಂದಲೂ ಗೊತ್ತಿತ್ತು. ಬಿಳಿ ಇರಲೇಬೇಕೆಂದು ಸಹಿ ಹಾಕಿದಾಗ ನಮ್ಮ ಮನೆಯ ವೈನ್ ಅದರೊಳಗೆ ಬಂತೆಂದೇ ತಿಳಿದಿದ್ದಿರಾ? ಅಂಗಳದ ಬಳ್ಳಿ ಲೆಕ್ಕಕ್ಕಿಲ್ಲ ಎಂಬ ಸಾಲನ್ನು ಓದದೆಯೇ ಹಾಕಿಬಿಟ್ಟಿರಾ? ಉತ್ತರವನ್ನು ಕಾಗದದಲ್ಲಿ ಬರೆಯಬೇಡಿ. ಬಂದು ಅಮ್ಮನ ಮುಂದೆ ಹೇಳಿ. ಬರುವ ಭಾನುವಾರವಲ್ಲ, ಅದರ ಮುಂದಿನದು, ಡಿಸೆಂಬರ್ ಹನ್ನೊಂದು. ಪೂಜೆ ಮುಗಿದ ಮೇಲೆ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಮ್ಮ ಚಪ್ಪರದ ಕೆಳಗೆ.