ಕೊರಳು ಬರಿದಾಗಿದ್ದ ಹೊತ್ತು

ನರ್ಸಿಂಗ್ ಹಾಸ್ಟೆಲ್, ಬ್ರಹ್ಮಾವರ
9-11-2025, ಭಾನುವಾರ

ಪ್ರೀತಿಯ ಇವರಿಗೆ ನವ್ಯಶ್ರೀ ಮಾಡುವ ನಮಸ್ಕಾರ.

ಮೊದಲು ಕ್ಷೇಮ ಕೇಳಬೇಕು, ಗೊತ್ತಿದೆ. ಆದರೆ ಕನಸನ್ನು ಹೇಳಿಬಿಡದೆ ನನ್ನ ಕೈ ಮುಂದೆ ಓಡುವುದಿಲ್ಲ. ಇವತ್ತು ಬೆಳಗಿನ ಜಾವ ಬಿದ್ದದ್ದು. ನೀವು ಮರವಂತೆಯಲ್ಲಿ, ಮನೆಯೆದುರು ಕಡಲಿಗೆ ಸುರಿದ ಕಲ್ಲಿನ ಮೇಲೆ ಬಲೆ ಹರಡಿಕೊಂಡು ಕುಳಿತಿದ್ದಿರಿ. ನಾನು ಯೂನಿಫಾರ್ಮಿನಲ್ಲೇ ಬಂದು ನಿಮ್ಮ ಕೈ ಹಿಡಿದು ನಾಡಿ ನೋಡಿದೆ. ಸಿಗಲಿಲ್ಲ. ಇನ್ನೊಂದು ಕೈ ಹಿಡಿದೆ, ಅಲ್ಲೂ ಇಲ್ಲ. ನೀವು ಮಾತ್ರ ನಗುತ್ತ, ‘ಎಂತ ಮಾರಾಯ್ತಿ, ಇಷ್ಟೇಯಾ ಕಲ್ತದ್ದ್?’ ಎಂದು ತಮಾಷೆ ಮಾಡುತ್ತಲೇ ಇದ್ದಿರಿ. ಎಚ್ಚರವಾದಾಗ ನನ್ನ ಬೆರಳು ನನ್ನದೇ ಮಣಿಕಟ್ಟನ್ನು ಒತ್ತಿ ಹಿಡಿದಿತ್ತು. ಹೇಗಿದ್ದೀರಿ? ಸೊಂಟ ನೋವು ಕಡಿಮೆಯಾಯಿತಾ? ಕಾಲ್ಬೆರಳಿನ ಸಂದಿಯ ಹುಣ್ಣಿಗೆ ಮುಲಾಮು ಹಚ್ಚುತ್ತೀರಾ, ಇಲ್ಲ ಉಪ್ಪುನೀರೇ ಔಷಧ ಅಂತ ಬಿಟ್ಟಿದ್ದೀರಾ? ಉಪ್ಪುನೀರು ಔಷಧ ಅಲ್ಲ. ಹಚ್ಚಿ, ದಮ್ಮಯ್ಯ.

ನಾನು ಇದ್ದೇನೆ. ಫೋನು ವಾರ್ಡನ್ ಹತ್ತಿರ ಇರುತ್ತದೆ, ಭಾನುವಾರ ಸ್ವಲ್ಪ ಹೊತ್ತು ಕೊಡುತ್ತಾರೆ, ಆಗ ನಿಮ್ಮ ಬೋಟು ಟವರ್ ಸಿಗದ ಕಡೆ. ಹಾಗಾಗಿ ಈ ಕಾಗದ. ನಿಮ್ಮ ತಮ್ಮ ರತನ್ ಇವತ್ತು ಸಾಯಂಕಾಲದ ರೈಲಿಗೆ ಹೊರಟಿದ್ದಾನೆ, ಬೋಟು ಐಸು ತುಂಬಿಸಲು ದಡಕ್ಕೆ ಬಂದಾಗ ಹತ್ತುತ್ತಾನಂತೆ, ಅವನ ಕೈಯಲ್ಲೇ ಕೊಡುತ್ತೇನೆ. ಬರೆದದ್ದು ಹಿಂದುಮುಂದಾಗಿದ್ದರೆ ಸುಧಾರಿಸಿಕೊಂಡು ಓದಿ. ಪಿಯುಸಿ ಅರ್ಧಕ್ಕೆ ಬಿಟ್ಟು ಫ್ಯಾಕ್ಟರಿಯಲ್ಲಿ ಸಿಗಡಿ ಸುಲಿಯುತ್ತಿದ್ದವಳು ನಾನು. ಮತ್ತೆ ಪರೀಕ್ಷೆ ಕಟ್ಟಿಸಿ, ‘ನೀ ಓದ್, ಮನಿ ನಾ ಕಾಣ್ತೆ’ ಅಂತ ಇಲ್ಲಿಗೆ ತಂದು ಬಿಟ್ಟವರು ನೀವು. ಅದನ್ನು ನೆನೆಸಿಕೊಂಡರೆ ಇನ್ನೂ ಹೆಚ್ಚು ಸಂಕಟವಾಗುತ್ತದೆ.

ಕರಿಮಣಿ ತೆಗೆಯಬಾರದು ಅಂತ ಅತ್ತೆ ಹೇಳುವ ಮಾತು ನಿಮಗೂ ಬಾಯಿಪಾಠ: ‘ಗಂಡ ನೀರ್ ಮೇಲ್ ಇಪ್ಪತಿಗೆ ಕರಿಮಣಿ ಮೈಯಿಂದ ಇಳ್ಸುಕಾಗ ಹೆಣ್ಣೇ.’ ಮಾವ ಹೋದ ದಿನ ದಾರ ಸವೆದಿದೆ ಅಂತ ಹೊಸದಾಗಿ ಪೋಣಿಸಲು ಬಿಚ್ಚಿ ಕುಳಿತಿದ್ದರಂತೆ. ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಬಂದಾಗ ಮಣಿಗಳು ಇನ್ನೂ ಮಡಿಲಲ್ಲೇ ಇದ್ದವಂತೆ. ಆಮೇಲೆ ಮೀನುಬುಟ್ಟಿ ಹೊತ್ತು ತಲ್ಲೂರಿನ ಮನೆಮನೆ ತಿರುಗಿ ನಿಮ್ಮಿಬ್ಬರನ್ನು ಸಾಕಿದವರು ಅವರು. ಅಂಥವರ ಎದುರು ನಿಂತು ಅದೆಲ್ಲ ಸುಳ್ಳು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಸುಳ್ಳು ಅಂತ ನನಗಾದರೂ ಗೊತ್ತಿದೆಯಾ? ಇಷ್ಟು ದಿನ ವಾರ್ಡಿನಲ್ಲಿ ಕರಿಮಣಿಯನ್ನು ಯೂನಿಫಾರ್ಮಿನ ಒಳಗೆ ಪಿನ್ನು ಹಾಕಿ ಮುಚ್ಚಿಟ್ಟುಕೊಂಡು ಹೇಗೋ ನಡೆಯಿತು. ಆಪರೇಷನ್ ಥಿಯೇಟರಿನಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಕಿವಿ, ಕೈ, ಕೊರಳು ಎಲ್ಲ ಬರಿದಾಗಬೇಕು. ರೋಗಿಗೆ ನಂಜಾಗುತ್ತದೆ ಅಂತ ನಿಯಮ, ಸರಿಯಾದ ನಿಯಮವೇ.

ಗುರುವಾರ ನನ್ನ ಮೊದಲ ಥಿಯೇಟರ್. ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಸರ ಬಿಚ್ಚಿದರು, ನಾನು ಕೊರಳು ಹಿಡಿದುಕೊಂಡು ನಿಂತೆ. ನಮ್ಮ ಟೀಚರು ಸೌಮ್ಯಶ್ರೀ ಮೇಡಂ ಬೈಂದೂರಿನವರು. ಸಿಟ್ಟು ಬಂದಾಗ, ಖುಷಿಯಾದಾಗ ಮಾತ್ರ ಊರ ಭಾಷೆ ಬರುತ್ತದೆ. ‘ಬಿಚ್ಚುದಾರೆ ಬಿಚ್ಚ್, ಇಲ್ದಿರೆ ಮನಿಗ್ ಹೋಯಿ ಮೀನ್ ಕೊಯ್ಯಿ. ಒಳಗ್ ಮಲ್ಕಂಡದ್ದೂ ಒಬ್ಳ್ ಗಂಡನೇ’ ಅಂದರು. ಬಿಚ್ಚಿದೆ. ಬೆಳಗಿನ ತಿಂಡಿ ಮುಗಿಸಿ ಒಳಗೆ ಹೋದವರು ಹೊರಗೆ ಬಂದದ್ದು ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ. ಇದನ್ನು ನಿಮಗೆ ಹೇಳಬಾರದು, ಆದರೆ ನಿಮಗಲ್ಲದೆ ಯಾರಿಗೆ ಹೇಳಲಿ? ಒಳಗಿದ್ದಷ್ಟು ಹೊತ್ತು ನಿಮ್ಮ ನೆನಪು ನನಗೆ ಒಂದು ಸಲವೂ ಬರಲಿಲ್ಲ. ರಕ್ತ ಒರೆಸಿದ ಬಟ್ಟೆಗಳನ್ನು ಲೆಕ್ಕ ಇಡುವುದು ನನ್ನ ಕೆಲಸ, ಒಂದೂ ತಪ್ಪಲಿಲ್ಲ. ‘ನಿಂಗೆ ಹೇಳಿ ಮಾಡ್ಸದ್ ಕೆಲ್ಸ ಇದ್’ ಅಂತ ಅದೇ ಮೇಡಂ ಬೆನ್ನು ತಟ್ಟಿದರು. ನನಗೆ ಖುಷಿಯಾಯಿತು. ಕೊರಳು ಬರಿದಾಗಿಟ್ಟುಕೊಂಡು ಖುಷಿಪಟ್ಟೆ ನಾನು.

ನಿನ್ನೆ ವಾರ್ಡನ್ ಕರೆದು ಫೋನ್ ಕೊಟ್ಟರು. ರತನ್. ‘ಅತ್ಗೆ, ಹೆದ್ರ್ಬೇಡಿ, ಅಣ್ಣಂಗೆ ಎಂತದೂ ಆಯಿಲ್ಲೆ’ ಅಂತಲೇ ಶುರು ಮಾಡಿದ. ಹಾಗೆ ಶುರು ಮಾಡಿದರೆ ಯಾರಿಗೆ ಹೆದರಿಕೆಯಾಗುವುದಿಲ್ಲ? ಗುರುವಾರ ಬಲೆ ಎಳೆಯುವಾಗ ವಿಂಚು ಯಂತ್ರ ಸುತ್ತುವ ಹಗ್ಗಕ್ಕೆ ನಿಮ್ಮ ಬೋಟಿನ ಪಾಂಡು ಅಣ್ಣನ ಕೈ ಸಿಕ್ಕಿ ಎರಡು ಬೆರಳು ಹೋದದ್ದು, ಅವರನ್ನು ದಡಕ್ಕೆ ತಂದು ಅವನೇ ರೈಲಿನಲ್ಲಿ ಊರಿಗೆ ಕರೆದುಕೊಂಡು ಬಂದದ್ದು ಎಲ್ಲ ಹೇಳಿದ. ಕೊನೆಗೆ ಇನ್ನೊಂದು ಮಾತು ಹೇಳಿದ. ಆ ಹೊತ್ತಿಗೆ ವಿಂಚಿನ ಹತ್ತಿರ ನಿಲ್ಲಬೇಕಾದವರು ನೀವಂತೆ. ನೀವು ಉಣ್ಣಲು ಹೋದಿರಿ ಅಂತ ಪಾಂಡು ಅಣ್ಣ ಆ ಜಾಗಕ್ಕೆ ಬಂದು ನಿಂತರಂತೆ.

ಇವತ್ತು ಬೆಳಿಗ್ಗೆ ಬಸ್ಸು ಹಿಡಿದು ಕುಂದಾಪುರದ ಆಸ್ಪತ್ರೆಗೆ ಹೋಗಿ ನೋಡಿ ಬಂದೆ. ಪಾಂಡು ಅಣ್ಣ ಹಾಗೆಯೇ ಇದ್ದಾರೆ, ‘ಮೀನ್ ಎಣ್ಸುಕೆ ಎಂಟ್ ಬೆರಳ್ ಧಾರಾಳ ಸಾಕ್, ಈಗಳ್ ಮೀನೇ ಇಲ್ಲೆ’ ಅಂತ ಎಲ್ಲರನ್ನೂ ನಗಿಸುತ್ತಿದ್ದರು. ಅವರ ಹೆಂಡತಿ, ‘ನೀ ನರ್ಸ್ ಅಲ್ದಾ ಹೆಣ್ಣೇ, ಕಟ್ಟ್ ಸಮಾ ಇತ್ತಾ ಕಾಣ್’ ಎಂದು ನನ್ನ ಕೈ ಹಿಡಿದು ಎಳೆದಳು. ನೋಡಿದೆ. ಕಟ್ಟು ಸರಿಯಾಗಿಯೇ ಇತ್ತು. ಅವಳ ಮುಖ ನೋಡಲು ಮಾತ್ರ ನನ್ನಿಂದ ಆಗಲಿಲ್ಲ. ಅವಳ ಕೊರಳಲ್ಲಿ ಕರಿಮಣಿ ಇತ್ತು, ಅವಳು ತೆಗೆದವಳಲ್ಲ. ಅತ್ತೆಯೂ ಅಲ್ಲಿಗೆ ಬಂದಿದ್ದರು. ಎಲ್ಲರೆದುರು ನನ್ನ ತಲೆ ಸವರಿ, ‘ನಿನ್ನ್ ಕರಿಮಣಿ ಗಟ್ಟಿ ಮಗಾ, ನನ್ನ್ ಮಗನ್ ಉಳ್ಸ್ತ್’ ಅಂದರು. ನಾನು ತಲೆ ಕೊಟ್ಟು ನಿಂತಿದ್ದೆ. ಅದಕ್ಕಿಂತ ಅವರು ನನಗೆ ನಾಲ್ಕು ಬಾರಿಸಿದ್ದರೆ ಒಳ್ಳೆಯದಿತ್ತು.

ಒಂದು ಸಲ ಹೀಗಾದದ್ದು, ಹೇಗೋ ಕಳೆಯಿತು ಅನ್ನೋಣವೆಂದರೆ, ನರ್ಸ್ ಆದರೆ ಇದು ಜೀವನವಿಡೀ ಇದೆ. ಥಿಯೇಟರ್ ಇಲ್ಲದ ಸಣ್ಣ ಆಸ್ಪತ್ರೆ ಸೇರು, ಸಿದ್ದಾಪುರದ ಕಡೆ ಹೋಗು ಅಂತ ನನ್ನ ರೂಮಿನ ಅನಿಷಾ ಹೇಳುತ್ತಾಳೆ. ಅಲ್ಲಿಗೆ ಹೋಗಬೇಕಾದರೂ ಕೋರ್ಸು ಮುಗಿಯಬೇಕು, ಕೋರ್ಸು ಮುಗಿಯಬೇಕಾದರೆ ಥಿಯೇಟರ್ ಮುಗಿಯಲೇಬೇಕು. ಮಳೆಗಾಲದಲ್ಲಿ ಬೋಟು ದಡದಲ್ಲಿ ಕಟ್ಟಿಹಾಕುವ ಎರಡು ತಿಂಗಳು ಮಾತ್ರ ಕೆಲಸ ಕೊಡುವ ಆಸ್ಪತ್ರೆ ಯಾವ ಊರಲ್ಲಿದೆ? ನೀವು ಕಡಲು ಬಿಡುವುದಿಲ್ಲ, ಬಿಡಿ ಅಂತ ನಾನು ಹೇಳುವವಳೂ ಅಲ್ಲ. ಮೇಡಂ ಹತ್ತಿರ ಜ್ವರ ಅಂತ ಸುಳ್ಳು ಹೇಳಿದ್ದೇನೆ. ಅವರು ನಂಬಿಲ್ಲ, ಬರುವ ಶನಿವಾರದೊಳಗೆ ಥಿಯೇಟರಿನ ಒಳಗೋ ಕೋರ್ಸಿನ ಹೊರಗೋ ಹೇಳಬೇಕು ಅಂದಿದ್ದಾರೆ. ಊಟ ಸೇರುವುದಿಲ್ಲ. ಪುಸ್ತಕ ತೆರೆದರೆ ಅಕ್ಷರ ಕಾಣುತ್ತದೆ, ಏನು ಬರೆದಿದೆ ಅಂತ ತಿಳಿಯುವುದಿಲ್ಲ.

ಬೋಟು ನಡೆಸುವ ತಂಡೇಲರಿಗೂ ಉಳಿದವರಿಗೂ ನನ್ನ ನಮಸ್ಕಾರ ಹೇಳಿ. ಗಾಳಿ ಬಂದರೆ ಮೇಲೆ ನಿಲ್ಲಬೇಡಿ. ದೇವರು ನಿಮ್ಮನ್ನು ಇಟ್ಟಲ್ಲಿ ಚೆನ್ನಾಗಿಟ್ಟಿರಲಿ.

ನಿಮ್ಮ
ನವ್ಯ

ಮತ್ತೆ: ರತನ್ ಗೇಟಿನಲ್ಲಿ ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಗುರುವಾರ ನೀವು ಉಣ್ಣಲು ಹೋದದ್ದು ಬೆಳಗಿನ ಗಂಜಿಗಾ, ಮಧ್ಯಾಹ್ನದ ಊಟಕ್ಕಾ? ಅವನು ಆಗ ಕೆಳಗೆ ಮಲಗಿದ್ದನಂತೆ, ಒಮ್ಮೆ ಗಂಜಿ ಅನ್ನುತ್ತಾನೆ, ಒಮ್ಮೆ ಊಟ ಅನ್ನುತ್ತಾನೆ. ಪಾಂಡು ಅಣ್ಣನನ್ನು ಕೇಳುವ ಧೈರ್ಯ ನನಗಿಲ್ಲ. ಗಂಜಿಗಾದರೆ ಆಗ ಕರಿಮಣಿ ನನ್ನ ಕೊರಳಲ್ಲೇ ಇತ್ತು, ಹೇಗಾದರೂ ಮಾಡಿ ಕೋರ್ಸು ಮುಗಿಸುತ್ತೇನೆ. ಊಟಕ್ಕಾದರೆ ಶನಿವಾರ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋಗುತ್ತೇನೆ, ಬೇಡ ಅನ್ನಬೇಡಿ. ಐಸಿಗೆ ಬಂದಾಗ ವಾರ್ಡನ್ ಫೋನಿಗೆ ಒಂದು ಮಾತು ಹೇಳಿದರೆ ಸಾಕು. ನನ್ನ ಸಮಾಧಾನಕ್ಕೆ ಗಂಜಿ ಅಂತ ಹೇಳಬೇಡಿ. ನಿಮಗೆ ಸರಿಯಾಗಿ ನೆನಪಿದೆ ಅನ್ನಿಸಿದರೂ ತಂಡೇಲರ ಹತ್ತಿರ ಇನ್ನೊಂದು ಸಲ ಕೇಳಿ, ಆಮೇಲೆ ಹೇಳಿ.