ಏನೂ ಬೇಡ ಅಂದವರ ಊರು

ಗುರುವಾರ, ಮಧ್ಯಾಹ್ನ
ಗಿರಣಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಮೀಸೆಗೆ,

ಇಷ್ಟು ವರ್ಷದ ಮೇಲೆ ಈ ಹೆಸರಿನಿಂದ ಕರೆದರೆ ನೀನು ಮುಖ ಸಿಂಡರಿಸುತ್ತೀಯೋ ನಗುತ್ತೀಯೋ ಗೊತ್ತಿಲ್ಲ. ಶಾಲೆಯ ನಾಟಕದಲ್ಲಿ ಇನ್ಸ್‌ಪೆಕ್ಟರ್ ಆಗಲು ಇಂಕಿನಲ್ಲಿ ಮೀಸೆ ಬರೆದುಕೊಂಡು, ಅದು ಎಷ್ಟು ತಿಕ್ಕಿದರೂ ಹೋಗದೆ ವಾರವಿಡೀ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ತಿರುಗಿದವಳು ನೀನು. ನೀನು ಮರೆತಿರಬಹುದು, ನಾನು ಮರೆಯುವವಳಲ್ಲ. ಬರೆಯುತ್ತಿರುವವಳು ಯಾರೆಂದು ಈಗ ಗೊತ್ತಾಗಿರಬೇಕು. ಆಗ ನನ್ನನ್ನು ಕಡ್ಡಿ ಅನ್ನುತ್ತಿದ್ದಿರಿ. ಈಗ ನೋಡಿದರೆ ಹಾಗನ್ನಲು ನಿನಗೆ ಬಾಯಿ ಬರಲಿಕ್ಕಿಲ್ಲ. ಗಂಡನ ಗಿರಣಿಯ ಹಿಟ್ಟೆಲ್ಲ ನನ್ನ ಮೈಗೇ ಹತ್ತಿದೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಇದು ನಿನ್ನ ಮಗಳ ವಿಷಯ. ಹರಿದು ಹಾಕಬೇಡ, ಕೊನೆಯವರೆಗೂ ಓದು. ಅವಳು ಇಷ್ಟು ದಿನ ನಮ್ಮ ಮನೆಯಲ್ಲಿದ್ದಳು. ನೀವಿಬ್ಬರೂ ಮಾತು ಬಿಟ್ಟು ವರ್ಷವಾಗುತ್ತ ಬಂತೆಂದು ಅವಳ ಬಾಯಿಂದಲೇ ತಿಳಿಯಿತು. ನಾನು ಪಂಚಾಯ್ತಿ ಮಾಡಲು ಬರೆಯುತ್ತಿಲ್ಲ. ಅವಳು ಮಾಡುವ ಕೆಲಸಕ್ಕೆ ನೀನು ಊರವರ ಗೋಳು ಕೇಳಿಕೊಂಡು ಅಲೆಯುವುದು ಎಂದು ಹೆಸರಿಟ್ಟಿದ್ದೀಯಂತೆ. ಆ ಕೆಲಸವನ್ನು ಅವಳು ಮಾಡುವಾಗ ನೀನು ಒಂದು ಸಲವೂ ನೋಡಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಊರಿನ ಅಗತ್ಯಗಳೇನೆಂದು ತಿಳಿದುಕೊಳ್ಳಲು ಅವಳು ಕೆಲಸ ಮಾಡುವ, ಹಳ್ಳಿಗಳಿಗೆ ನೆರವು ಕೊಡುವ ಸಂಸ್ಥೆಯ ಜೀಪು ಬಂತು. ಅವಳ ಜೊತೆ ಅವಳ ಮೇಲಿನ ಸಾಹೇಬರೂ ಇದ್ದರು. ಒಳ್ಳೆಯ ಮನುಷ್ಯ, ಆದರೆ ಬೆನ್ನುನೋವಿನವರು, ಎಲ್ಲಿಗೆ ಹೋದರೂ ಕಂಕುಳಲ್ಲಿ ಒಂದು ದಿಂಬು. ಶಾಲೆಯ ಅಂಗಳದಲ್ಲಿ ನಮ್ಮನ್ನೆಲ್ಲ ಸೇರಿಸಿ, ದಿಂಬಿಗೆ ಒರಗಿ ಕೂತು, ನಗುನಗುತ್ತ ನಿಮಗೆಲ್ಲ ಏನು ಬೇಕು ಹೇಳಿ ಅಂತ ಕೇಳಿದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಎತ್ತಿನಗಾಡಿಯ ಅಜ್ಜ ಎದ್ದು, ಏನೂ ಬೇಡ ಸ್ವಾಮಿ, ಎಲ್ಲ ಚೆನ್ನಾಗೇ ಇದೆ, ಬಿಸಿಲಲ್ಲಿ ಬಂದಿದೀರಿ, ಟೀ ಕುಡೀರಿ ಅಂದ. ಅವನ ಹಿಂದೆ ಉಳಿದವರೂ ಅದನ್ನೇ ಅಂದರು. ನಾನೂ ಅಂದೆ. ಸಾಹೇಬರಿಗೆ ಖುಷಿಯೋ ಖುಷಿ, ಇಂಥ ತೃಪ್ತಿಯ ಊರನ್ನ ನಾನು ನೋಡೇ ಇಲ್ಲ ಅಂದರು.

ನೀನು ನಗಬೇಡ. ಏನು ಬೇಕು ಅನ್ನುವ ಮಾತನ್ನು ನಾವು ಯಾರಿಗೆ ಆಡುತ್ತೇವೆ, ನೀನೇ ಯೋಚಿಸು. ಅಂಗಡಿಯವನು ಗಿರಾಕಿಗೆ ಆಡುತ್ತಾನೆ, ಅದು ಬೇರೆ. ಉಳಿದಂತೆ, ಬಾಗಿಲನ್ನು ಅರ್ಧ ತೆರೆದು ಹೊರಗೆ ನಿಂತವರಿಗೆ ಆಡುತ್ತೇವೆ. ಒಳಗೆ ಕರೆಯುವ ಮನಸ್ಸಿದ್ದರೆ ಬನ್ನಿ, ಕೂತ್ಕೊಳ್ಳಿ ಅನ್ನುತ್ತೇವೆ. ಪಾಪ, ಸಾಹೇಬರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ನಮ್ಮ ಅಂಗಳದಲ್ಲೇ ನಮ್ಮನ್ನು ಹೊಸ್ತಿಲಾಚೆ ನಿಲ್ಲಿಸಿ ಕೇಳಿದ ಹಾಗಾಯಿತು. ಆಗ ಮಾನವಂತರ ಬಾಯಿಂದ ಏನೂ ಬೇಡ ಅನ್ನುವುದು ಬಿಟ್ಟು ಬೇರೇನು ಬರುತ್ತದೆ? ಅಲ್ಲದೆ ಹಿಂದೊಮ್ಮೆ ಬೇರೆ ಯಾರೋ ಬಂದು, ಕೇಳದೆಯೇ ನಮಗೊಂದು ಗಡಿಯಾರದ ಕಂಬ ನೆಟ್ಟು ಹೋಗಿದ್ದರು. ಅದರ ಮುಳ್ಳು ನಿಂತು ಎಷ್ಟೋ ಕಾಲವಾಯಿತು, ಈಗ ಅದಕ್ಕೆ ಎಮ್ಮೆ ಕಟ್ಟುತ್ತಾರೆ.

ಸಾಹೇಬರು ಅಂದೇ ಹೊರಟು ನಿಂತರು. ಏನೂ ಬೇಡ ಅಂದ ಊರಿನ ಪಾಲಿನ ಹಣ ಗುಡ್ಡದಾಚೆಯ ಊರಿಗೆ ಹೋಗುತ್ತದೆ, ಅದು ಅವರ ಲೆಕ್ಕಾಚಾರ. ಆಗ ನಿನ್ನ ಮಗಳು ಜೀಪಿನ ಬಾಗಿಲು ಹಿಡಿದುಕೊಂಡು, ನನ್ನನ್ನ ಸ್ವಲ್ಪ ದಿನ ಇಲ್ಲೇ ಬಿಡಿ ಸರ್ ಅಂದಳು. ಅವರೇ ಬೇಡ ಅಂದ್ರಲ್ಲಮ್ಮ ಅಂದರು ಸಾಹೇಬರು. ಅವರು ಅಂದ ರೀತಿ ನನಗೆ ಗೊತ್ತು ಸರ್, ಅದು ಬೇಡ ಅಲ್ಲ ಅಂದಳು. ಪಟ್ಟಣದ ಹುಡುಗಿಗೆ ಅದು ಹೇಗೆ ಗೊತ್ತಾಯಿತೆಂದು ನನಗೆ ಆಶ್ಚರ್ಯ. ಉತ್ತರ ಆಮೇಲೆ ಸಿಕ್ಕಿತು, ಕೊನೆಗೆ ಬರೆಯುತ್ತೇನೆ.

ನಮ್ಮ ಹಿಂದಿನ ಕೋಣೆ ಖಾಲಿ ಇತ್ತು, ಕರೆದುಕೊಂಡು ಬಂದೆ. ನಿನ್ನ ಮಗಳೆಂದು ಆಗ ಗೊತ್ತಿರಲಿಲ್ಲ. ಸಂಜೆ ಕಿಟಕಿಯ ಹತ್ತಿರ ಕೂತು ಏನೋ ಯೋಚಿಸುತ್ತ, ಕೆಳಗಿನ ಹಲ್ಲಿನಿಂದ ಮೇಲಿನ ತುಟಿ ಕಚ್ಚಿಕೊಂಡಳು ನೋಡು, ಗಣಿತದ ಪರೀಕ್ಷೆಯಲ್ಲಿ ನೀನು ಕೂತ ಹಾಗೇ ಕಂಡಿತು. ನಿನ್ನ ಹೆಸರು ಹೇಳಿ ನೀನು ಅವಳಿಗೇನಾಗಬೇಕು ಅಂತ ಕೇಳಿದೆ. ಕೈಯಲ್ಲಿದ್ದ ಟೀ ನೆಲಕ್ಕೆ ಚೆಲ್ಲಿದಳು. ಅಂದಿನಿಂದ ನಾನು ಅವಳಿಗೆ ಚಿಕ್ಕಮ್ಮ.

ಸುಮ್ಮನೆ ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವ ಚಾಳಿ ಅವಳಿಗೆ ಯಾರಿಂದ ಬಂತು? ಟೀ ಮಾಡುತ್ತೇನೆಂದು ಹೋಗಿ ಪಾತ್ರೆ ಸುಟ್ಟಿದ್ದಾಳೆ, ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಯಿತು. ಆದರೆ ಜನರ ಜೊತೆ ಅವಳಿರುವ ರೀತಿ ಇದೆಯಲ್ಲ, ಅದಕ್ಕೆ ನಾನು ಸೋತು ಹೋದೆ. ಯಾರ ಮನೆಯಲ್ಲೂ ಕುರ್ಚಿ ಹಾಕಿಸಿಕೊಂಡು ಕೂರಲಿಲ್ಲ. ಗಿರಣಿಗೆ ಬಂದವರ ಚೀಲಕ್ಕೆ ಇನ್ನೊಂದು ಕಡೆಯಿಂದ ಕೈ ಕೊಟ್ಟಳು. ತರಕಾರಿಯವಳ ಜೊತೆ ಸಂತೆಯ ದಾರಿಯಲ್ಲಿ ನಡೆದಳು, ವಾಪಸು ಬರುವಾಗ ಚಪ್ಪಲಿ ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಂದಳು. ಯಾರು ಏನು ಹೇಳಿದರೂ ನಡುವೆ ಬಾಯಿ ಹಾಕುವುದಿಲ್ಲ, ನಿನ್ನ ಹಾಗಲ್ಲ.

ಅವಳು ಏನು ಬೇಕು ಅಂತ ಯಾರನ್ನೂ ಕೇಳಲಿಲ್ಲ ಕಣೇ. ಅವಳು ಕೇಳಿದ್ದೇ ಬೇರೆ. ಮೊದಲು ಮಾಡ್ತಾ ಇದ್ದು ಈಗ ಬಿಟ್ಟಿರೋದು ಏನು ಅಂತ ಕೇಳುತ್ತಿದ್ದಳು.

ಮೊದಮೊದಲು ನಮ್ಮವರಿಗೆ ಅರ್ಥವಾಗಲಿಲ್ಲ. ಬಿಡುವುದು ಅಂದರೆ ಚಟ ಬಿಡುವುದು ಅಂದುಕೊಂಡರು. ಕುರಿಯವನು ಎದೆಯುಬ್ಬಿಸಿ ಬೀಡಿ ಬಿಟ್ಟಿದೀನಮ್ಮ ಅಂದ. ಹಿಂದಿನಿಂದ ಅವನ ಹೆಂಡತಿ, ಸುಳ್ಳು, ಕೊಟ್ಟಿಗೆ ಹಿಂದೆ ಹೋಗಿ ಸೇದ್ತಾನೆ ಅಂತ ಕೂಗಿದಳು. ನನ್ನ ಗಂಡ, ನಾನು ಹಾಡು ಹೇಳೋದು ಬಿಟ್ಟೆ ಅಂದರು. ಅದಕ್ಕೆ ಊರೆಲ್ಲ ಒಟ್ಟಾಗಿ ಬಹಳ ಉಪಕಾರ ಆಯ್ತು ಅಂದಿತು. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ನಿನ್ನ ಮಗಳೂ ನಕ್ಕಳು, ಆದರೆ ಕೇಳುವುದು ಬಿಡಲಿಲ್ಲ. ನಕ್ಕು ಹಗುರಾದ ಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು.

ತರಕಾರಿಯವಳು ಟೊಮೇಟೊ ಬೆಳೆಯುವುದನ್ನು ಬಿಟ್ಟಿದ್ದಳು. ನನ್ನ ಕೈಗುಣ ಸರಿಯಿಲ್ಲ, ಸಂತೆ ಮುಟ್ಟೋದರೊಳಗೆ ಎಲ್ಲ ಕಿವುಚಿ ಹೋಗುತ್ತೆ ಅಂದಳು. ಹಾಲಿನವನು ಹಸುಗಳನ್ನು ಮಾರಿಬಿಟ್ಟಿದ್ದ, ಕೇಳಿದರೆ ಮಂಡಿನೋವು ಅನ್ನುತ್ತಿದ್ದ. ಗಾಡಿಯ ಅಜ್ಜ ಮಳೆಗಾಲದಲ್ಲಿ ಬಾಡಿಗೆಗೆ ಹೋಗುವುದನ್ನು ಬಿಟ್ಟಿದ್ದ, ಎತ್ತುಗಳಿಗೆ ವಯಸ್ಸಾಯ್ತು ಅಂದ. ಬಟ್ಟೆ ಒಗೆಯುವವಳು ಮಗಳನ್ನು ಮಳೆಗಾಲದಲ್ಲಿ ಹೈಸ್ಕೂಲಿಗೆ ಕಳಿಸುವುದನ್ನು ಬಿಟ್ಟಿದ್ದಳು, ಅವಳಿಗೆ ಓದು ಹತ್ತಲ್ಲ ಬಿಡಿ ಅಂದಳು. ಆ ಹುಡುಗಿ ಪಕ್ಕದಲ್ಲೇ ನೆಲ ನೋಡುತ್ತ ನಿಂತಿದ್ದಳು. ನೋಡು, ಬಿಟ್ಟದ್ದಕ್ಕೆ ಪ್ರತಿಯೊಬ್ಬರೂ ತಮ್ಮನ್ನೇ ಬೈದುಕೊಂಡಿದ್ದರು. ನನ್ನನ್ನೂ ಕೇಳಿದಳು. ನಾನು ಪತ್ರ ಬರೆಯೋದು ಬಿಟ್ಟೆ ಅಂದೆ. ಯಾರಿಗೆ ಅಂತ ಅವಳು ಕೇಳಲಿಲ್ಲ.

ಮರುದಿನ ಗಿರಣಿ ನಿಲ್ಲಿಸಲು ಹೇಳಿದಳು. ಕಲ್ಲಿನ ಸುತ್ತ ನೆಲಕ್ಕೆ ಬಿದ್ದ ಹಿಟ್ಟನ್ನು ನಾವು ಗುಡಿಸಿಟ್ಟು ದನಕ್ಕೆ ಹಾಕುತ್ತೇವೆ, ಅದನ್ನು ಕೊಡಿ ಚಿಕ್ಕಮ್ಮ ಅಂದಳು. ಕಪ್ಪು ಕಲ್ಲಿನ ನೆಲದ ಮೇಲೆ ತೆಳ್ಳಗೆ ಹರಡಿದಳು. ಎಲ್ಲರನ್ನೂ ಕರೆದು, ಇದು ಶಾಲೆ, ಇದು ಗಿರಣಿ, ಅಲ್ಲಿ ಸಂತೆ, ನೀವು ಬಿಟ್ಟ ಕೆಲಸಕ್ಕೆ ಮೊದಲು ಯಾವ ದಾರೀಲಿ ಹೋಗ್ತಿದ್ರಿ, ಬೆರಳಲ್ಲಿ ಎಳೀರಿ ಅಂದಳು. ತರಕಾರಿಯವಳು ಸೆರಗು ಸಿಕ್ಕಿಸಿ ಕೂತು ಎಳೆದಳು, ಊರಾಚೆಯ ಹಳ್ಳ ಬರುವ ಕಡೆ ಬೆರಳು ನಿಂತಿತು. ನೀರು ಇದ್ದಾಗ ಇಲ್ಲಿಂದ ಸುತ್ತಿ ಹೋಗಬೇಕಲ್ಲ ಅಂದಳು. ಹಾಲಿನವನ ಬೆರಳೂ ಅಲ್ಲೇ ನಿಂತಿತು. ಅಜ್ಜನದೂ ಅಲ್ಲೇ. ಆ ಹುಡುಗಿ ತಾನಾಗಿ ಮುಂದೆ ಬಂದು ಮನೆಯಿಂದ ಹೈಸ್ಕೂಲಿಗೆ ಗೆರೆ ಎಳೆದು, ಹಳ್ಳದಲ್ಲಿ ನಿಲ್ಲಿಸಿ, ಅಮ್ಮನ ಮುಖ ನೋಡಿದಳು. ಎಷ್ಟೊಂದು ಬೆರಳು ಅಲ್ಲಿ ಊರಿತೆಂದರೆ, ಆ ಜಾಗದಲ್ಲಿ ಹಿಟ್ಟು ಪೂರ್ತಿ ಸರಿದು ಕರಿಕಲ್ಲು ಕಾಣುತ್ತಿತ್ತು. ಬಟ್ಟೆ ಒಗೆಯುವವಳು ಮಗಳ ತಲೆ ಮೇಲೆ ಕೈಯಿಟ್ಟು, ನಾನು ಇವಳನ್ನ ಸುಮ್ಮನೆ ಬೈದೆ ಅಂತ ಅತ್ತುಬಿಟ್ಟಳು.

ನಿನ್ನ ಮಗಳು ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದಳು. ಸೇತುವೆ ಅನ್ನುವ ಮಾತು ಅವಳ ಬಾಯಿಂದ ಬರಲಿಲ್ಲ, ನಮ್ಮವರ ಬಾಯಿಂದಲೇ ಬಂತು. ಮೇಲಿನ ಬೀದಿಯವರು, ನಮಗೆ ಹಳ್ಳ ಅಡ್ಡ ಬರಲ್ಲ, ನಮಗೆ ನೀರಿನ ಟ್ಯಾಂಕು ಬೇಕು ಅಂತ ಜಗಳ ತೆಗೆದರು. ಒಂದಷ್ಟು ಕೂಗಾಟವಾಯಿತು, ಅದರ ನಡುವೆ ಕೋಳಿಯೊಂದು ಬಂದು ಹಿಟ್ಟಿನ ಶಾಲೆಯನ್ನು ಕೆದರಿ ಹಾಕಿತು. ಅವಳು ಯಾರನ್ನೂ ಗದರಲಿಲ್ಲ, ಯಾರ ಮಾತನ್ನೂ ತೆಗೆದು ಹಾಕಲಿಲ್ಲ. ಕೂಗಾಡಿ ಸುಸ್ತಾದ ಮೇಲೆ ಮೊದಲು ಸೇತುವೆ, ಆಮೇಲೆ ಟ್ಯಾಂಕು ಎಂದು ಅವರವರೇ ಒಪ್ಪಿಕೊಂಡರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಎಂಥ ಹೆಮ್ಮೆ ಅಂದರೆ, ನಾನೇ ಹೆತ್ತಿದ್ದೇನೋ ಅನ್ನುವಷ್ಟು. ಇದು ನೀನು ಪಡಬೇಕಾಗಿದ್ದ ಹೆಮ್ಮೆ.

ಸಾಹೇಬರು ದಿಂಬಿನೊಂದಿಗೆ ವಾಪಸು ಬಂದಾಗಲೂ ಆ ಹಿಟ್ಟನ್ನು ಗುಡಿಸಲು ನಾನು ಬಿಟ್ಟಿರಲಿಲ್ಲ. ಬಹಳ ಹೊತ್ತು ಬಗ್ಗಿ ನೋಡಿದರು. ಈ ಸಲ ಅವರು ಏನು ಬೇಕು ಅನ್ನಲಿಲ್ಲ, ಈ ಕರೀ ಜಾಗದಲ್ಲಿ ಏನಾಗಿದೆ ಅಂತ ಕೇಳಿದರು. ಬನ್ನಿ ಸ್ವಾಮಿ ತೋರಿಸ್ತೀನಿ ಅಂತ ಅಜ್ಜ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದ. ಮೊಣಕಾಲುವರೆಗೆ ಪ್ಯಾಂಟು ಮಡಚಿ ಹಳ್ಳಕ್ಕಿಳಿದು ಬಂದ ಮನುಷ್ಯ, ನಮ್ಮ ಊರಿನ ಮೊದಲ ಅಗತ್ಯ ಸೇತುವೆ ಎಂದು ತಾವೇ ಬರೆದುಕೊಂಡರು. ಅದು ಬರುತ್ತದೋ ಇಲ್ಲವೋ, ಬಂದರೂ ಯಾವ ಕಾಲಕ್ಕೋ. ಆದರೆ ತರಕಾರಿಯವಳು ತನ್ನ ಕೈಯನ್ನು ಬೈದುಕೊಳ್ಳುವುದನ್ನು ನಿಲ್ಲಿಸಿದ್ದಾಳೆ, ಅದನ್ನಂತೂ ನಾನು ದಿನಾ ನೋಡುತ್ತಿದ್ದೇನೆ.

ಈಗ ಆ ಉತ್ತರ. ನಿನ್ನೆ ಸಂಜೆ ಬಟ್ಟೆ ಮಡಚುತ್ತ ಕೂತಿದ್ದಾಗ, ಅವತ್ತು ನಾವು ಏನೂ ಬೇಡ ಅಂದದ್ದು ಸುಳ್ಳು ಅಂತ ನಿನಗೆ ಹೇಗೆ ಗೊತ್ತಾಯ್ತೇ ಅಂತ ಕೇಳಿದೆ. ಅವಳು ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಆಮೇಲೆ ಹೇಳಿದಳು.

ನೀನು ಕೊಡಿಸಿದ್ದ ಆಫೀಸಿನ ಕೆಲಸ ಬಿಟ್ಟು ಹೋದವಳು, ಕೆಲವು ತಿಂಗಳ ಮೇಲೆ ಒಂದು ದಿನ ಮನೆಗೆ ಬಂದಳಂತೆ. ನಿನ್ನ ಮನೆಯ ಕೆಳಗಿನ ಅಂಗಡಿಯ ದರ್ಜಿಯನ್ನು ಮಾತಾಡಿಸಿ, ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿದಳಂತೆ. ಹೆಗಲ ಮೇಲೆ ಚೀಲ, ಹೊಟ್ಟೆಯಲ್ಲಿ ಹಸಿವು. ನೀನು ಬಾಗಿಲನ್ನು ಅರ್ಧ ತೆರೆದೆ. ಅವಳನ್ನು ಮೇಲಿಂದ ಕೆಳಗೆ ನೋಡಿ, ಏನು ಬೇಕಿತ್ತು ಅಂದೆ. ಏನೂ ಬೇಡ ಅಂತ ಹೇಳಿ ಅವಳು ಮೆಟ್ಟಿಲಿಳಿದು ಹೋದಳು. ನಾನೂ ಒಂದ್ಸಲ ಹಾಗೇ ಅಂದಿದ್ದೆ ಚಿಕ್ಕಮ್ಮ, ಅದಕ್ಕೇ ಗೊತ್ತಾಯ್ತು ಅಂದಳು.

ನಿನ್ನನ್ನು ಬೈಯಬೇಕೆಂದು ಪೆನ್ನು ಹಿಡಿದೆ, ಬೈಯಲು ಆಗುತ್ತಿಲ್ಲ. ಗಂಡ ಹೋದ ಮೇಲೆ ಒಂಟಿಯಾಗಿ ಸಾಕಿದ ಮಗಳು ಫ್ಯಾನಿನ ಕೆಳಗೆ, ಭದ್ರವಾದ ಕುರ್ಚಿಯಲ್ಲಿ ಕೂರಲಿ ಅಂತ ಆಸೆಪಟ್ಟೆ, ಅದರಲ್ಲಿ ತಪ್ಪೇನು? ಕೋಪದಲ್ಲಿ ಬಂದ ಮಾತು ಅದು. ಬಾಗಿಲು ಹಾಕಿದ ಮೇಲೆ ನೀನು ಅದರ ಹಿಂದೆಯೇ ನಿಂತು, ಮತ್ತೆ ತಟ್ಟುತ್ತಾಳೇನೋ ಎಂದು ಕಿವಿಗೊಟ್ಟಿರುತ್ತೀಯ, ನಿನ್ನನ್ನು ನಾನು ಬಲ್ಲೆ. ಆದರೆ ಆಚೆ ಕಡೆ ಇದ್ದವಳಿಗೆ ಅದು ಕಾಣುವುದಿಲ್ಲವಲ್ಲ.

ಅವಳು ಕೇಳಿದ ಪ್ರಶ್ನೆಯನ್ನು ಅವಳಿಗೇ ತಿರುಗಿಸಿದೆ. ನೀನು ಏನು ಬಿಟ್ಟಿದೀಯ ಮಗಳೇ ಅಂತ. ಮನೆಗೆ ಹೋಗೋದು ಅಂದಳು. ನೀನು ಏನು ಬಿಟ್ಟಿದ್ದೀಯೋ ನಾನು ಕೇಳುವುದಿಲ್ಲ, ನಿನಗೇ ಗೊತ್ತಿದೆ.

ಗಿರಣಿಯಲ್ಲಿ ಜನ ಸೇರಿದ್ದಾರೆ, ನನ್ನವರು ಆಗಲೇ ಎರಡು ಸಲ ಕೂಗಿದರು. ಇನ್ನು ಮುಂದೆ ನಾನು ಪತ್ರ ಬಿಡುವುದಿಲ್ಲ, ನೀನು ಉತ್ತರ ಬಿಡಬೇಡ.

ಹಿಟ್ಟು ಮೆತ್ತಿದ ಕೈಯ,
ನಿನ್ನ ಕಡ್ಡಿ

ತಾ.ಕ.: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀಯ. ದರ್ಜಿಯ ಕೈಯಲ್ಲಿ ಮೇಲಕ್ಕೆ ಕಳಿಸಲು ನಾನೇ ಹೇಳಿದ್ದು. ಇದನ್ನು ಇಲ್ಲಿಂದ ತಂದವಳು ಕೆಳಗೆ ಅವನ ಅಂಗಡಿಯ ಬೆಂಚಿನ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ಬಸ್ಸು ಹತ್ತಲು ಒಪ್ಪಿಸುವುದು ನನ್ನಿಂದ ಆಯಿತು, ನಿನ್ನ ಮೆಟ್ಟಿಲು ಹತ್ತಲು ಒಪ್ಪಿಸುವುದು ಆಗಲಿಲ್ಲ. ನೀನೇ ಇಳಿದು ಹೋಗು. ಏನು ಬೇಕು ಅಂತ ಮಾತ್ರ ಕೇಳಬೇಡ ಕಣೇ ಮೀಸೆ. ಊಟ ಆಯ್ತಾ ಅಂತ ಕೇಳು.